ಎಂ.2 ಸ್ಲಾಟ್ ಇದ್ದ ಮಾತ್ರಕ್ಕೆ ಎಲ್ಲ ಎಸ್‌ಎಸ್‌ಡಿಯೂ ನಡೆಯುವುದಿಲ್ಲ

ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಬಗ್ಗೆ ನೀವು ಪ್ರಕಟಿಸಿದ ಲೇಖನ ಉಪಯುಕ್ತವಾಗಿದೆ. ಆದರೆ ‘ಮದರ್‌ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದ್ದರೆ ಸಾಕು, ಯಾವ ಎಸ್‌ಎಸ್‌ಡಿಯಾದರೂ ನಡೆಯುತ್ತದೆ’ ಎಂದು ಅದರಲ್ಲಿರುವ ಮಾತನ್ನು ದಯವಿಟ್ಟು ತಿದ್ದಿ. ಎಂ.2 ಎಂಬುದು ತೆಳು ಪಟ್ಟಿಯಂಥ ಎಸ್‌ಎಸ್‌ಡಿಯ (ಮಾಹಿತಿ ಉಳಿಸುವ ಡ್ರೈವಿನ) ಆಕಾರವಷ್ಟೇ. ಆ ಆಕಾರದಲ್ಲಿ ಹಳೆಯ, ನಿಧಾನದ ಸಾಟಾ ಸಂಪರ್ಕದ ಡ್ರೈವ್‌ಗಳೂ ಬರುತ್ತವೆ, ಹೊಸ, ವೇಗದ ಎನ್‌ವಿಎಂಇ ಡ್ರೈವ್‌ಗಳೂ ಬರುತ್ತವೆ. ಇಲ್ಲಿ ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿ ತಂದ ಎಸ್‌ಎಸ್‌ಡಿಯ ಅಂಚಿನಲ್ಲಿ ಎರಡು ಕಚ್ಚುಗಳಿದ್ದವು. ಸಾಮಾನ್ಯವಾಗಿ ಅದು ಸಾಟಾದ ಗುರುತು. ಸ್ಲಾಟಿನಲ್ಲಿ ಸಲೀಸಾಗಿ ಕೂತಿತು, ಸ್ಕ್ರೂ ಕೂಡ ಬಿಗಿಯಾಯಿತು, ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಮಾತ್ರ ಡ್ರೈವಿನ ಹೆಸರೇ ಕಾಣಲಿಲ್ಲ. ಆ ಸ್ಲಾಟ್ ಎನ್‌ವಿಎಂಇಗಷ್ಟೇ ಮೀಸಲು.

ಪ್ರೊಸೆಸರನ್ನೂ ನೋಡಬೇಕು. ಬಿ550 ಚಿಪ್‌ಸೆಟ್ ಇರುವ ಮದರ್‌ಬೋರ್ಡಿಗೆ ಎಎಂಡಿಯ ರೈಜನ್ 5600ಜಿ ಪ್ರೊಸೆಸರ್ ಹಾಕಿದರೆ, ಎನ್‌ವಿಎಂಇ ಡ್ರೈವ್ ಬಳಸುವ ಪಿಸಿಐಇ ಸಂಪರ್ಕದ ಹಳೆಯ 3.0 ಪೀಳಿಗೆಯ ವೇಗವೇ ಗತಿ. ಸೆಕೆಂಡಿಗೆ 7,000 ಎಂಬಿ ಓದಬಲ್ಲ ಜೆನ್ 4 (ನಾಲ್ಕನೆಯ ಪೀಳಿಗೆಯ) ಡ್ರೈವ್ ಅಲ್ಲಿ ಸುಮಾರು 3,500ಕ್ಕೆ ನಿಲ್ಲುತ್ತದೆ. ಜೆನ್ 4 ಡ್ರೈವಿಗೆ ಕೊಡುವ ಹೆಚ್ಚುವರಿ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೋ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಒಳ್ಳೆಯ ಎಸ್‌ಎಂಪಿಎಸ್‌ಗೋ ಹಾಕುವುದು ಲೇಸು. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಹಳೆಯ ಹಾರ್ಡ್ ಡಿಸ್ಕನ್ನೂ ಇಟ್ಟುಕೊಳ್ಳುವವರು ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಹೇಳುವ ಪುಟವನ್ನು ಓದಲೇಬೇಕು.

ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಡ್ರೈವಿನ ಮೇಲೆ ಶಾಖ ಹೊರಹಾಕುವ ಒಂದು ಹೀಟ್‌ಸಿಂಕ್ ಇರಲಿ. ವಿಪರೀತ ಕಾದರೆ ಡ್ರೈವ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.