ಡ್ರ್ಯಾಗನ್ ಬಾಲ್ ತನ್ನ ಹಳೇ ಗೆಳೆಯರ ಕೈಬಿಟ್ಟಿತೇ?

ಪರ: ಹೌದು, ನಡುದಾರಿಯಲ್ಲಿ ಬಿಟ್ಟುಹೋಯಿತು

ಡ್ರ್ಯಾಗನ್ ಬಾಲ್ ಎಂಬ ಜಪಾನಿ ಕತೆಯಲ್ಲಿ ನಾಯಕ ಗೊಕುವಿನ ಹಳೇ ಗೆಳೆಯ ಯಾಮ್ಚಾ. ಅವನ ಹೆಸರು ಎತ್ತಿದರೆ ಅನಿಮೆ (ಜಪಾನಿ ಕಾರ್ಟೂನ್) ನೋಡುವವರಿಗೆ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗುಂಡಿಯೊಳಗೆ ಮುದುಡಿಕೊಂಡು ಸತ್ತು ಬಿದ್ದಿರುವ ಯಾಮ್ಚಾ. ಆ ಭಂಗಿ ಮೀಮ್ ಆಯ್ತು, ಆಟಿಕೆ ಬೊಂಬೆಯೂ ಆಯ್ತು. ಆದರೆ ಅವನು ಆ ಗುಂಡಿಗೆ ಬಿದ್ದದ್ದು ಯಾಕೆ ಅಂತ ಕೇಳಿ ನೋಡಿ. ನಗುವವರಲ್ಲಿ ತುಂಬಾ ಜನಕ್ಕೆ ನೆನಪಿರುವುದಿಲ್ಲ.

ನಾಪ್ಪಾ ಮತ್ತು ವೆಜಿಟಾ ಎಂಬ ಬೇರೆ ಗ್ರಹದ ದಾಳಿಕೋರರು ಭೂಮಿಗೆ ಬಂದಿಳಿದು, ಸೈಬಾಮನ್‌ ಎಂಬ ಹಸಿರು ಮರಿರಾಕ್ಷಸರನ್ನು ಬೀಜ ಬಿತ್ತಿ ಬೆಳೆಸಿ ಕಾದಾಟಕ್ಕೆ ಬಿಡುತ್ತಾರೆ. ಆಗ ಮುಂದೆ ಹೊರಟವನು ಗೊಕುವಿನ ಇನ್ನೊಬ್ಬ ಗೆಳೆಯ ಕ್ರಿಲ್ಲಿನ್. ಯಾಮ್ಚಾ ಅವನನ್ನು ತಡೆಯುತ್ತಾನೆ. ಕ್ರಿಲ್ಲಿನ್ ಮೊದಲೇ ಒಂದು ಸಲ ಸತ್ತು, ವರ ಕೊಡುವ ಡ್ರ್ಯಾಗನ್‌ನನ್ನು ಕರೆಯುವ ಡ್ರ್ಯಾಗನ್ ಬಾಲ್ ಎಂಬ ಮಾಯಾಗೋಲಗಳಿಂದ ಬದುಕಿ ಬಂದವನು. ಭೂಮಿಯ ಡ್ರ್ಯಾಗನ್‌ಗೆ ಒಬ್ಬನನ್ನು ಎರಡನೇ ಸಲ ಬದುಕಿಸಲು ಆಗುವುದಿಲ್ಲ. ಯಾಮ್ಚಾ ಇನ್ನೂ ಸತ್ತಿಲ್ಲ, ಹಾಗಾಗಿ ಅವನು ಸತ್ತರೆ ವಾಪಸ್ ಬರಬಹುದು. ಈ ಲೆಕ್ಕ ಹಾಕಿಯೇ ಅವನು ಕಣಕ್ಕಿಳಿದ. ಸೈಬಾಮನ್‌ನನ್ನು ಹೊಡೆದು ಕೆಡವಿದ ಕೂಡ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅದು ಮೇಲೆದ್ದು ಅವನನ್ನು ತಬ್ಬಿಕೊಂಡು ಸಿಡಿಯಿತು.

ಗೆಳೆಯನ ಬದಲಿಗೆ ಹೋಗಿ ಸತ್ತವನು ಹೀಗೆ ನಗೆಪಾಟಲಾದದ್ದು ಹೇಗೆ? ನೋಡುವವರನ್ನು ಬೈದು ಪ್ರಯೋಜನ ಇಲ್ಲ. ಕತೆ ಹಿಡಿದ ದಾರಿಯೇ ಅಂಥದ್ದು.

ಅಕಿರಾ ತೊರಿಯಾಮಾ ಅವರು ಜಪಾನಿನ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ 1984ರಲ್ಲಿ ಈ ಮಾಂಗಾ (ಜಪಾನಿ ಕಾಮಿಕ್ಸ್) ಶುರು ಮಾಡಿದರು. 1995ರಲ್ಲಿ ಮುಗಿಯುವಾಗ 519 ಅಧ್ಯಾಯ, 42 ಸಂಪುಟ ಆಗಿತ್ತು. ಮೊದಲ ಸಂಪುಟಗಳಲ್ಲಿ ಬಲ ಅನ್ನುವುದು ಬೆವರು ಸುರಿಸಿ ಗಳಿಸುವಂಥದ್ದು. ಮಾಸ್ಟರ್ ರೋಶಿ ತನ್ನ ಇಬ್ಬರು ಶಿಷ್ಯರಿಗೆ, ಅಂದರೆ ಗೊಕು ಮತ್ತು ಕ್ರಿಲ್ಲಿನ್‌ಗೆ, ಪಟ್ಟುಗಳನ್ನು ಹೇಳಿಕೊಡುವ ಗೋಜಿಗೇ ಹೋಗುವುದಿಲ್ಲ. ಬೆಳಗಾಗೆದ್ದು ಮನೆಮನೆಗೆ ಹಾಲು ಹಾಕಿ ಬರಬೇಕು. ಬರಿಗೈಯಲ್ಲಿ ಹೊಲ ಅಗೆಯಬೇಕು. ಅದೂ ಬೆನ್ನಿಗೆ 20 ಕಿಲೋ ತೂಕದ ಆಮೆಚಿಪ್ಪು ಕಟ್ಟಿಕೊಂಡು. ಅದು ರೂಢಿಯಾದ ಮೇಲೆ 40 ಕಿಲೋ. ಕೊನೆಗೆ ಚಿಪ್ಪು ಕಳಚಿ ನೆಗೆದರೆ ಇಬ್ಬರೂ ಮುಗಿಲೆತ್ತರ ಹಾರುತ್ತಾರೆ. ಬಾಲ ಇರುವ ಗೊಕುಗೂ ಬೋಳುತಲೆಯ ಕ್ರಿಲ್ಲಿನ್‌ಗೂ ಒಂದೇ ಪಾಠ, ಒಂದೇ ಫಲ.

ಆಗಿನ ಪಂದ್ಯಗಳ ಮಜವೇ ಬೇರೆ. 21ನೇ ತೆಂಕಾಯಿಚಿ ಬುಡೋಕಾಯಿ ಎಂಬ ಕಾದಾಟದ ಪಂದ್ಯಾವಳಿಯಲ್ಲಿ ಕ್ರಿಲ್ಲಿನ್‌ಗೆ ಎದುರಾಳಿ ಬ್ಯಾಕ್ಟೀರಿಯನ್. ಹುಟ್ಟಿದಾಗಿನಿಂದ ಸ್ನಾನ ಮಾಡದ ಆಸಾಮಿ, ಅವನ ನಾತವೇ ಅವನ ಆಯುಧ. ಕ್ರಿಲ್ಲಿನ್ ಮೂಗು ಮುಚ್ಚಿಕೊಂಡು ಒದ್ದಾಡುತ್ತಾನೆ. ಕಣದ ಹೊರಗಿನಿಂದ ಗೊಕು ಕೂಗುತ್ತಾನೆ: ನಿನಗೆ ಮೂಗೇ ಇಲ್ವಲ್ಲೋ! ಹೌದು, ಕ್ರಿಲ್ಲಿನ್‌ನ ಮುಖಕ್ಕೆ ತೊರಿಯಾಮಾ ಮೂಗೇ ಬರೆದಿಲ್ಲ. ಅಲ್ಲಿಗೆ ನಾತ ನಿಂತಿತು, ಪಂದ್ಯವೂ ಮುಗಿಯಿತು. ಮುಂದಿನ ಪಂದ್ಯಾವಳಿಯಲ್ಲಿ, ಆಮೇಲೆ ಗೆಳೆಯನಾಗುವ ಚಾವೊಟ್ಸು ತನ್ನ ಮಾಯಾಶಕ್ತಿಯಿಂದ ಕ್ರಿಲ್ಲಿನ್‌ಗೆ ಹೊಟ್ಟೆನೋವು ಬರಿಸುತ್ತಾನೆ. ಅದಕ್ಕೆ ಅವನು ಎರಡೂ ಕೈ ಚಾಚಿಯೇ ಇರಬೇಕು. ಕ್ರಿಲ್ಲಿನ್ ನರಳುತ್ತಲೇ ಕೂಡುವ ಕಳೆಯುವ ಲೆಕ್ಕ ಕೇಳಲು ಶುರುಮಾಡುತ್ತಾನೆ. ಪಾಪ ಚಾವೊಟ್ಸು, ಬೆರಳು ಮಡಚಿ ಎಣಿಸದೆ ಅವನಿಗೆ ಲೆಕ್ಕ ಬರುವುದಿಲ್ಲ. ಕೈ ಇಳಿಸಿದ, ಏಟು ತಿಂದ.

ಈಗ ಗೊಕುವಿನ ಅಣ್ಣ ರಾಡಿಟ್ಸ್ ಬೇರೆ ಗ್ರಹದಿಂದ ಬರುವ ಅಧ್ಯಾಯಕ್ಕೆ ಬನ್ನಿ. ಅವನ ಕಣ್ಣಿಗೆ ಸ್ಕೌಟರ್ ಎಂಬ ಬಲ ಅಳೆಯುವ ಯಂತ್ರ. ಬಂದೂಕು ಹಿಡಿದ ರೈತನನ್ನು ನೋಡಿ ಅದು 5 ಅನ್ನುತ್ತದೆ. ಆಮೇಲೆ ಗೊಕುವಿನ ಗುಂಪಿನ ಬುಲ್ಮಾ ಅದನ್ನು ರಿಪೇರಿ ಮಾಡಿ ತನ್ನವರನ್ನೇ ಅಳೆಯುತ್ತಾಳೆ. ರೋಶಿ 139, ಯಾಮ್ಚಾ 177, ಕ್ರಿಲ್ಲಿನ್ 206, ಅವರ ಜೊತೆಗಾರ ಟಿಯೆನ್ 250. ನಾಮೆಕ್ ಗ್ರಹದಲ್ಲಿ ಖಳನಾಯಕ ಫ್ರೀಜಾ ತನ್ನ ಬಲ ಎಷ್ಟು ಅಂತ ತಾನೇ ಹೇಳಿಕೊಳ್ಳುತ್ತಾನೆ: 5 ಲಕ್ಷ 30 ಸಾವಿರ. ಅದೂ ಮೊದಲ ರೂಪದಲ್ಲಿ. 206 ಇರುವವನು ಇಂಥವನಿಗೆ ಎಂಥ ಕೂಡುವ ಲೆಕ್ಕ ಕೇಳಿದರೂ ಏನು ಬಂತು?

ಅಂಕಿಗಿಂತ ದೊಡ್ಡ ಪೆಟ್ಟು ಇನ್ನೊಂದು ಇದೆ. ಗೊಕು ಭೂಮಿಯವನೇ ಅಲ್ಲ, ಸೈಯನ್ ಎಂಬ ಬೇರೆ ಗ್ರಹದ ಕಾದಾಟಗಾರ ಕುಲದವನು ಅಂತ ಗೊತ್ತಾಗುತ್ತದೆ. ಸಾವಿನ ಬಾಯಿಗೆ ಹೋಗಿ ಚೇತರಿಸಿಕೊಂಡರೆ ಸೈಯನ್‌ನ ಬಲ ಒಂದೇ ಸಲಕ್ಕೆ ಏರುತ್ತದಂತೆ. ಯಾಮ್ಚಾಗೆ ಟಿಯೆನ್ ಕಾಲು ಮುರಿದಾಗ ಸಿಕ್ಕಿದ್ದು ಬರೀ ನೋವು. ಗೊಕುಗೆ ಮೈಯೆಲ್ಲಾ ಮುರಿದರೆ ಸಿಗುವುದು ಬಡ್ತಿ. ಹಾಲು ಹಾಕಿ, ಹೊಲ ಅಗೆದು ಮೇಲೆ ಬರಬಹುದು ಅಂತ ಹೇಳಿದ ಕತೆ ಈಗ ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಅಂತ ಕೇಳುತ್ತದೆ. ನನ್ನ ಸಿಟ್ಟು ಇರುವುದು ಇದರ ಮೇಲೆ. ಕ್ರಿಲ್ಲಿನ್ ಸೋಲಲಿ, ಬೇಜಾರಿಲ್ಲ. ಸೇರಿದ್ದ ಆಟ ಒಂದು, ಸೋತದ್ದು ಇನ್ನೊಂದರಲ್ಲಿ ಅಂದರೆ ಹೇಗೆ?

ಇದು ಡ್ರ್ಯಾಗನ್ ಬಾಲ್ ಒಂದರ ರೋಗವೂ ಅಲ್ಲ. ನರುಟೊ ಎಂಬ ಇನ್ನೊಂದು ಮಾಂಗಾದಲ್ಲಿ ರಾಕ್ ಲೀ ಎಂಬ ಹುಡುಗನಿಗೆ ಯಾವ ಮಾಯಾವಿದ್ಯೆಯೂ ಬರುವುದಿಲ್ಲ. ಕಾಲಿಗೆ ಕಟ್ಟಿದ ತೂಕ ಬಿಚ್ಚಿ ಅವನು ಎದುರಾಳಿ ಗಾರಾನ ಮೇಲೆ ಎರಗುವ ದೃಶ್ಯಕ್ಕೆ ಸೋಲದವರು ಯಾರು? ಹಣೆಬರಹವನ್ನು ದುಡಿಮೆಯಿಂದ ಬದಲಿಸಬಹುದು ಅಂತ ಕಥಾನಾಯಕ ನರುಟೊ ತನ್ನ ಎದುರಾಳಿ ನೇಜಿಗೆ ಬುದ್ಧಿ ಹೇಳುತ್ತಾನೆ. ಆಮೇಲೆ ನೋಡಿದರೆ ಆ ನರುಟೊ ನಾಲ್ಕನೇ ಹೊಕಾಗೆಯ, ಅಂದರೆ ಊರ ಮುಖಂಡನ, ಮಗ. ಅಷ್ಟು ಸಾಲದು ಅಂತ ಪೂರ್ವಜನ್ಮದ ನಂಟು ಬೇರೆ. ರಾಕ್ ಲೀ ಹಿಂದಿನ ಸಾಲಿಗೆ ಹೋದ.

ಹಿಂದೆ ಬಿದ್ದವರ ಸಾವಿಗಾದರೂ ಬೆಲೆ ಸಿಕ್ಕಿತಾ? ಚಾವೊಟ್ಸು ನಾಪ್ಪಾನ ಬೆನ್ನಿಗೆ ಅಂಟಿಕೊಂಡು ತನ್ನನ್ನೇ ಸಿಡಿಸಿಕೊಳ್ಳುತ್ತಾನೆ. ಅವನೂ ಒಂದು ಸಲ ಸತ್ತು ಬಂದವನು. ಈ ಸಲ ವಾಪಸಿಲ್ಲ ಅಂತ ಅವನಿಗೆ ಗೊತ್ತು, ಕೆಳಗೆ ನಿಂತು ಬೇಡ ಅಂತ ಕೂಗುವ ಟಿಯೆನ್‌ಗೂ ಗೊತ್ತು. ಹೊಗೆ ಸರಿದಾಗ ನಾಪ್ಪಾ ನಿಂತೇ ಇದ್ದಾನೆ. ಒಂದು ಕೈ ಕಳೆದುಕೊಂಡ ಟಿಯೆನ್ ಉಳಿದ ಕೈಯಲ್ಲಿ ಕೊನೆಯ ಕಿಕೋಹೋ ಎಂಬ ಶಕ್ತಿಯ ಹೊಡೆತ ಬಿಟ್ಟು ಪ್ರಾಣ ಬಿಡುತ್ತಾನೆ. ಆಗಲೂ ನಾಪ್ಪಾ ನಿಂತೇ ಇದ್ದಾನೆ. 22ನೇ ಪಂದ್ಯಾವಳಿಯ ಫೈನಲ್‌ನಲ್ಲಿ ಗೊಕುವನ್ನು ಸೋಲಿಸಿ ಗೆದ್ದ ಟಿಯೆನ್ ಇವನೇ ಅಂದರೆ ನಂಬಬೇಕು.

ಗೊಕುವಿನ ಹೆಂಡತಿ ಚಿಚಿಯನ್ನು ಮರೆಯಬೇಡಿ. 23ನೇ ಪಂದ್ಯಾವಳಿಗೆ ಹೆಸರು ಮುಚ್ಚಿಟ್ಟು ಬಂದು ಗೊಕು ಎದುರು ನಿಂತವಳು. ಮದುವೆ ಆದದ್ದೇ ಆಯ್ತು, ಮಗನ ಓದಿನ ಬಗ್ಗೆ ಕಿರುಚುವುದೇ ಅವಳ ಕೆಲಸ ಆಯ್ತು. ರೋಶಿಯ ಮನೆಯಲ್ಲಿದ್ದ ಲಾಂಚ್ ಅಂತೂ ಕತೆಯಿಂದಲೇ ಮಾಯ.

ಬೇರೆ ದಾರಿ ಇರಲಿಲ್ಲ ಅನ್ನುತ್ತಾರೆ. ಇತ್ತು. ಎಷ್ಟೋ ವರ್ಷ ಆದಮೇಲೆ ಬಂದ ಡ್ರ್ಯಾಗನ್ ಬಾಲ್ ಸೂಪರ್ ಮಾಂಗಾದಲ್ಲಿ ಮುದುಕ ರೋಶಿ ಜಿರೆನ್‌ನಂಥ ದೈತ್ಯನ ಏಟುಗಳಿಂದ ಬರೀ ಪಳಗಿದ ಮೈಯಿಂದ ತಪ್ಪಿಸಿಕೊಳ್ಳುತ್ತಾನೆ. ಅದನ್ನು ನೋಡಿ ಗೊಕು ಕಲಿಯುತ್ತಾನೆ. ಇದನ್ನೇ ಫ್ರೀಜಾನ ಕಾಲದಲ್ಲಿ ಮಾಡಬಹುದಿತ್ತು, ಅಲ್ವಾ?


ವಿರೋಧ: ಬಲದಲ್ಲಿ ಹಿಂದೆ ಬಿದ್ದರು, ಕತೆಯಲ್ಲಲ್ಲ

ಮೊದಲು ಒಂದು ತಲೆಯ ವಿಷಯ ಮಾತಾಡೋಣ.

ಸೆಲ್ ಎಂಬ ರಾಕ್ಷಸ ಏರ್ಪಡಿಸಿದ ಕಾದಾಟದಲ್ಲಿ ಆಂಡ್ರಾಯ್ಡ್ 16 ಎಂಬ ಯಂತ್ರಮಾನವ ಚೂರುಚೂರಾಗಿ ಬಿದ್ದಿದ್ದಾನೆ. ತಲೆ ಮಾತ್ರ ಉಳಿದಿದೆ. ಗೊಕುವಿನ ಮಗ ಗೊಹಾನ್‌ ಜೊತೆ ಮಾತಾಡಬೇಕು, ನನ್ನನ್ನು ಅವನ ಹತ್ತಿರ ಎಸೆ ಅಂತ ಆ ತಲೆ ಕೇಳಿಕೊಳ್ಳುತ್ತದೆ. ಕೇಳಿಕೊಂಡದ್ದು ಯಾರನ್ನ? ಮಿಸ್ಟರ್ ಸೇಟನ್‌ನ. ಬಾಯಿಬಡುಕ, ಸುಳ್ಳುಗಾರ, ಸೆಲ್‌ನ ಒಂದೇ ಏಟಿಗೆ ಬೆಟ್ಟಕ್ಕೆ ಹೋಗಿ ಬಡಿದವನು. ಅವನಿಗೂ ಕೈಕಾಲು ನಡುಗುತ್ತಿದೆ. ಆದರೂ ತಲೆ ಎತ್ತಿಕೊಂಡು ಓಡುತ್ತಾನೆ, ಎಸೆಯುತ್ತಾನೆ. 16 ಗೊಹಾನ್‌ಗೆ ನಾಲ್ಕು ಮಾತು ಹೇಳುತ್ತಾನೆ. ಸೆಲ್ ಆ ತಲೆಯನ್ನು ತುಳಿದು ಪುಡಿ ಮಾಡುತ್ತಾನೆ. ಗೊಹಾನ್‌ನ ಒಳಗಿನ ಕಟ್ಟೆ ಒಡೆಯುವುದು ಆಗ. ಸೇಟನ್‌ನ ಬಲಕ್ಕೆ ಸ್ಕೌಟರ್ ಹಿಡಿದರೆ ಎಷ್ಟು ಬರುತ್ತಿತ್ತೋ, ಅದರಿಂದ ಇಲ್ಲಿ ಏನೂ ಆಗಬೇಕಿರಲಿಲ್ಲ. ಎಸೆಯುವ ಧೈರ್ಯ ಬೇಕಿತ್ತು.

ಪರ ವಾದ ಮಾಡುವವರು ಹಿಂದೆ ಬಿದ್ದರು ಅನ್ನುವುದನ್ನೂ ಕತೆಯಿಂದ ಹೊರಬಿದ್ದರು ಅನ್ನುವುದನ್ನೂ ಒಂದೇ ಮಾಡಿಬಿಡುತ್ತಾರೆ. ನನಗೆ ತಕರಾರು ಇರುವುದು ಅಲ್ಲೇ. ದೈತ್ಯವಾನರನಾಗಿ ಗೊಕುವನ್ನು ಹಿಂಡುತ್ತಿದ್ದ ವೆಜಿಟಾನ ಬಾಲ ಕತ್ತರಿಸಿದ್ದು ಯಾರು? ಯಾಜಿರೋಬೆ. ಬಂಡೆ ಮರೆಯಲ್ಲಿ ಅಡಗಿ ಕೂತಿದ್ದ ತಿಂಡಿಪೋತ, ಹಿಂದಿನಿಂದ ಬಂದು ಕತ್ತಿ ಬೀಸಿದ. ಅದಿಲ್ಲದೇ ಹೋಗಿದ್ದರೆ ಅವತ್ತೇ ಎಲ್ಲಾ ಮುಗಿದಿತ್ತು.

ಟಿಯೆನ್‌ನ ಬಗ್ಗೆ ಅವರು ನಾಪ್ಪಾನ ಕಾದಾಟ ಹೇಳಿ ನಿಲ್ಲಿಸುತ್ತಾರೆ. ಸುಮ್ನೆ ಒಂದಷ್ಟು ಸಂಪುಟ ಮುಂದೆ ಹೋಗಿ. ಸೆಲ್ ಆಂಡ್ರಾಯ್ಡ್ 17ನ್ನು ನುಂಗಿ ಎರಡನೇ ರೂಪಕ್ಕೆ ಬಂದಿದ್ದಾನೆ. ಗೊಕುವಿನ ಗುಂಪಿನ ಪಿಕೊಲೊ ಮಣ್ಣುಮುಕ್ಕಿದ್ದಾನೆ. 18ನ್ನು ನುಂಗಿದರೆ ಅವನು ಪೂರ್ಣ. ಆಗ ಮೇಲಿನಿಂದ ಕಿಕೋಹೋ ಬೀಳುತ್ತದೆ. ನೆಲದಲ್ಲಿ ಚೌಕಾಕಾರದ ಹೊಂಡ. ಸೆಲ್ ಮೇಲೇಳುತ್ತಾನೆ, ಇನ್ನೊಂದು ಬೀಳುತ್ತದೆ. ಮತ್ತೆ ಏಳುತ್ತಾನೆ, ಮತ್ತೊಂದು. ಪ್ರತಿ ಸಲ ಟಿಯೆನ್‌ನ ಸ್ವಂತ ಜೀವವೇ ಸ್ವಲ್ಪ ಸ್ವಲ್ಪ ಸೋರಿಹೋಗುತ್ತಿದೆ. ಸೆಲ್‌ಗೆ ಒಂದು ಗೀರೂ ಆಗುತ್ತಿಲ್ಲ, ಅದು ಟಿಯೆನ್‌ಗೂ ಗೊತ್ತು. ಅವನಿಗೆ ಬೇಕಾದದ್ದು ಗೆಲುವಲ್ಲ. 18 ತಪ್ಪಿಸಿಕೊಳ್ಳುವಷ್ಟು ಹೊತ್ತು ಬೇಕು, ಅಷ್ಟೇ. ಅದು ಸಿಗುತ್ತದೆ. ಇಡೀ ಸರಣಿಯಲ್ಲಿ ನನಗೆ ಗೊಕು ಸೂಪರ್ ಸೈಯನ್ ಆದದ್ದಕ್ಕಿಂತ ಈ ಜಾಗ ಜಾಸ್ತಿ ಇಷ್ಟ. ಟಿಯೆನ್‌ಗೂ ಸೆಲ್‌ನಷ್ಟೇ ಬಲ ಕೊಟ್ಟಿದ್ದರೆ ಇದು ಇನ್ನೊಂದು ಗುದ್ದಾಟ ಆಗುತ್ತಿತ್ತು. ಅಂಥವು ಅಲ್ಲಿ ನೂರಾರು ಇವೆ.

ಚಮತ್ಕಾರ ಸತ್ತಿತು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಕ್ರಿಲ್ಲಿನ್‌ನ ಕಿಯೆನ್‌ಜಾನ್ ಚಕ್ರ ಹಾರಿ ಬಂದಾಗ ನಾಪ್ಪಾ ಎದೆಯೊಡ್ಡಿ ನಿಂತಿರುತ್ತಾನೆ. ತಪ್ಪಿಸ್ಕೋ ಅಂತ ವೆಜಿಟಾ ಕೂಗಿಕೊಳ್ಳಬೇಕಾಯ್ತು. ಅದೇ ಚಕ್ರ ನಾಮೆಕ್‌ನಲ್ಲಿ ಫ್ರೀಜಾನ ಬಾಲ ಕತ್ತರಿಸಿತು. ಇನ್ನು ಆ ಸ್ಕೌಟರ್! ಅದು ಸರಿಯಾಗಿ ಅಳೆದದ್ದಕ್ಕಿಂತ ಯಾಮಾರಿದ್ದೇ ಹೆಚ್ಚು. ಭೂಮಿಯವರು ತಮ್ಮ ಕಿ, ಅಂದರೆ ಮೈಯೊಳಗಿನ ಶಕ್ತಿ, ಅಡಗಿಸಿಟ್ಟುಕೊಳ್ಳುವುದನ್ನು ಕಲಿತಿದ್ದರು, ಯಂತ್ರ ನಂಬಿದವರು ಅದಕ್ಕೇ ಏಟು ತಿಂದರು. ಫ್ರೀಜಾ ಹೋದ ಮೇಲೆ ತೊರಿಯಾಮಾ ಆ ಅಂಕಿಗಳನ್ನೇ ಬಿಟ್ಟುಬಿಟ್ಟರು. ಹಿಡಿದುಕೊಂಡು ಕೂತಿರುವುದು ನಾವು. ಯಾಮ್ಚಾಗೆ 177 ಯಾಕೆ, 2 ಲಕ್ಷ ಕೊಡಿ ಅನ್ನುವವರೂ ಅವನನ್ನು ಅಳೆಯುತ್ತಿರುವುದು ರಾಡಿಟ್ಸ್‌ನ ಕನ್ನಡಕದಿಂದಲೇ.

ಹುಟ್ಟಿನ ವಿಷಯಕ್ಕೆ ಬರೋಣ, ಅದು ಅವರ ಗಟ್ಟಿ ವಾದ. ಆದರೆ ನಿಯಮ ನಡುವೆ ಬದಲಾಯಿತು ಅನ್ನಲು ಮೊದಲ ಸಂಪುಟಗಳೇ ಅಡ್ಡ ಬರುತ್ತವೆ. ಗೊಕುಗೆ ಬಾಲ ಇದ್ದದ್ದು ಮೊದಲ ಅಧ್ಯಾಯದಿಂದಲೇ. ಬುಲ್ಮಾ ಅವನ ಮೇಲೆ ಗುಂಡು ಹಾರಿಸಿದರೆ ನೋವಾಯ್ತು ಅಂತ ಬೈಯುತ್ತಾನೆ, ಸಾಯುವುದಿಲ್ಲ. ಹುಣ್ಣಿಮೆ ಚಂದ್ರನನ್ನು ನೋಡಿ ಅವನು ದೈತ್ಯವಾನರನಾಗಿ ಪಿಲಾಫ್‌ನ ಕೋಟೆ ಕೆಡವಿದಾಗ ಯಾಮ್ಚಾ ಅಲ್ಲೇ ಇದ್ದ. ಪಂದ್ಯದ ಮಧ್ಯೆ ಅದೇ ಆದಾಗ ರೋಶಿ ಚಂದ್ರನನ್ನೇ ಸುಟ್ಟುಹಾಕಬೇಕಾಯಿತು. ಇಬ್ಬರೂ ಸಮಾನರು ಅಂತ ಕತೆ ಯಾವತ್ತೂ ಹೇಳಿಲ್ಲ. ಸಮಾನ ಅಲ್ಲದಿದ್ದರೂ ಕ್ರಿಲ್ಲಿನ್ ಜೊತೆಗೆ ಓಡಿದ, ಅದು ಅವನ ದೊಡ್ಡತನ. ನರುಟೊದಲ್ಲೂ ಹಾಗೆಯೇ. ರಾಕ್ ಲೀ ಹಿಂದಿನ ಸಾಲಿಗೆ ಹೋದ, ಸರಿ. ಅವನ ಗುರು ಗೈ ಮೈಯ ಎಂಟನೇ ಶಕ್ತಿದ್ವಾರ ತೆರೆದು ಖಳನಾಯಕ ಮದಾರಾನನ್ನು ಸಾವಿನ ಅಂಚಿಗೆ ತಂದದ್ದನ್ನು ಅವರು ಹೇಳಲೇ ಇಲ್ಲ.

ವಾರವಾರ ಬರುವ ಕತೆಗೆ ಅದರದೇ ಒತ್ತಡ ಇದೆ. ಮುಂದಿನ ಶತ್ರು ಹಿಂದಿನವನಿಗಿಂತ ದೊಡ್ಡವನಾಗಿರಲೇಬೇಕು. ಎಂಟು ಜನರ ಬಲವನ್ನೂ ಒಂದೇ ಸಮ ಏರಿಸಿದರೆ ಯಾರೂ ಏರಿದಂತೆ ಕಾಣುವುದಿಲ್ಲ. ಟಿಯೆನ್, ಚಾವೊಟ್ಸು ಸತ್ತು, ಪಿಕೊಲೊ ಗೊಹಾನ್‌ಗೆ ಅಡ್ಡ ನಿಂತು ಸತ್ತ ಮೇಲೆ ಗೊಕು ಬಂದಿಳಿಯುತ್ತಾನೆ. ಆಗ ನಮ್ಮ ಮೈ ಜುಮ್ ಅನ್ನುವುದು ಮೊದಲು ನಡೆದದ್ದನ್ನೆಲ್ಲ ನೋಡಿದ್ದರಿಂದ. ರೋಶಿಯನ್ನು ಜಿರೆನ್ ಎದುರು ನಿಲ್ಲಿಸಿದ್ದನ್ನು ಅವರು ಮೆಚ್ಚುತ್ತಾರೆ. ನನಗೆ ಅದು ಹಳೇ ಅಭಿಮಾನಿಗಳ ಬೆನ್ನು ಸವರಿದ ಹಾಗೆ ಕಂಡಿತು.

ನಿಜವಾಗಿ ಕತೆಯನ್ನು ತಿರುಗಿಸಿದವನು ಕ್ರಿಲ್ಲಿನ್. ಆಂಡ್ರಾಯ್ಡ್‌ಗಳನ್ನು ನಿಲ್ಲಿಸಿಬಿಡುವ ರಿಮೋಟ್ ಬುಲ್ಮಾ ಮಾಡಿಕೊಡುತ್ತಾಳೆ. ಅದು ಅವನ ಕೈಯಲ್ಲಿದೆ. 18 ಅಷ್ಟೇ ದೂರದಲ್ಲಿದ್ದಾಳೆ. ಗುಂಡಿ ಒತ್ತಿದರೆ ಮುಗಿಯಿತು. ಅವನು ಒತ್ತುವುದಿಲ್ಲ, ರಿಮೋಟನ್ನು ಕಾಲಲ್ಲಿ ತುಳಿದು ಪುಡಿಮಾಡುತ್ತಾನೆ. ಅದರಿಂದ ಸೆಲ್ ಪೂರ್ಣನಾದ. ಅದರಿಂದಲೇ 18 ಬದುಕಿದಳು, ಮುಂದೆ ಅವನನ್ನೇ ಮದುವೆಯಾದಳು, ಮಗಳು ಹುಟ್ಟಿದಳು. ಲೋಕಕ್ಕೆ ಕೆಟ್ಟದಾಗಲಿ ತನಗೆ ಒಳ್ಳೆಯದಾಗಲಿ, ಎರಡನ್ನೂ ತಂದುಕೊಂಡವನು ಅವನೇ. ಡ್ರ್ಯಾಗನ್ ಬಾಲ್ ಸೂಪರ್‌ನಲ್ಲಿ ಅವನು ಪೊಲೀಸ್ ಕೆಲಸಕ್ಕೆ ಹೋಗುತ್ತಾನೆ, ಟಿಯೆನ್ ದೋಜೋ (ಗರಡಿಮನೆ) ನಡೆಸುತ್ತಾನೆ. ಗೊಕು ಪಕ್ಕದಲ್ಲಿ ಇಟ್ಟು ನೋಡಿದರೆ ಇಬ್ಬರದ್ದೂ ನೆಮ್ಮದಿಯ ಬಾಳು. ಬಲದ ಹಿಂದೆ ಬಿದ್ದ ವೆಜಿಟಾಗೆ ಎಷ್ಟು ಸಿಕ್ಕಿದರೂ ಸಾಲಲಿಲ್ಲ.

ಮೂಲ ಮಾಂಗಾದ ಕೊನೆಯ ಕಾದಾಟವನ್ನೇ ತೆಗೆದುಕೊಳ್ಳಿ. ಬೂ ಎಂಬ ರಾಕ್ಷಸನನ್ನು ಮುಗಿಸಲು ಭೂಮಿಯ ಜನರೆಲ್ಲ ಕೈ ಎತ್ತಿ ತಮ್ಮ ಶಕ್ತಿ ಕೊಡಬೇಕು. ವೆಜಿಟಾ ಕೇಳಿದ, ಗೊಕು ಕೇಳಿದ. ಇವರು ಯಾರೋ ಅಂತ ಜನ ಕೈ ಎತ್ತಲಿಲ್ಲ. ಸೇಟನ್ ಕೇಳಿದ, ಊರಿಗೆ ಊರೇ ಕೈ ಎತ್ತಿತು. ಅವನಿಗೆ ಹಾರುವುದಕ್ಕೂ ಬರುವುದಿಲ್ಲ.

ಲಾಂಚ್‌ಳ ವಿಷಯ ಮಾತ್ರ ಬೇರೆ. ಅವಳನ್ನು ಮರೆತೇ ಬಿಟ್ಟಿದ್ದೆ ಅಂತ ತೊರಿಯಾಮಾ ಅವರೇ ಒಪ್ಪಿಕೊಂಡಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅದೊಂದನ್ನು ಪರ ವಾದದವರ ಲೆಕ್ಕಕ್ಕೆ ಬರೆದುಕೊಳ್ಳಿ.