ಹಿರಿಯರ ಕೆಟಲ್ ಕಿತ್ತುಕೊಳ್ಳುವ ಮೊದಲು ಗೋಡೆ ನೋಡಿ

ವೃದ್ಧಾಶ್ರಮದ ಕೋಣೆಗಳಲ್ಲಿ ಕರೆಂಟ್ ಸಾಮಾನಿನಿಂದ ಅಪಾಯ ಅಂದ ಕೂಡಲೇ ಹೊಳೆಯುವ ಉಪಾಯ ಒಂದೇ: ಯಾರೂ ಏನೂ ಇಟ್ಟುಕೊಳ್ಳಬಾರದು. ನನಗಿದು ಸರಿ ಅನ್ನಿಸುವುದಿಲ್ಲ. ಇಡೀ ಮನೆ ಬಿಟ್ಟು ಬಂದವರ ಹತ್ತಿರ ಉಳಿದಿರುವುದೇ ಒಂದು ರೇಡಿಯೊ, ಒಂದು ದೀಪ, ಒಂದು ಕೆಟಲ್. ಅದನ್ನೂ ಬೇಡ ಅಂದರೆ ಬಚ್ಚಿಟ್ಟು ಬಳಸುತ್ತಾರೆ. ಬಟ್ಟೆಗಳ ಮಧ್ಯೆ ಕದ್ದು ಕಾಯಿಸುವ ಕೆಟಲ್ ಇನ್ನೂ ಜಾಸ್ತಿ ಅಪಾಯ, ಅಲ್ವಾ?

ಮೊದಲು ಗೋಡೆ ನೋಡಿ. ಮಂಚದ ಮೋಟಾರ್, ಗಾಳಿ ಹಾಸಿಗೆಯ ಪಂಪ್, ಉಸಿರಾಟಕ್ಕೆ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಮೆಷಿನ್, ಫೋನ್ ಚಾರ್ಜರ್. ಇಷ್ಟಕ್ಕೂ ಮಂಚದ ಹಿಂದೆ ಒಂದೋ ಎರಡೋ ಸಾಕೆಟ್ ಇದ್ದರೆ ಎಕ್ಸ್‌ಟೆನ್ಷನ್ ಬಾಕ್ಸ್ ಬಂದೇ ಬರುತ್ತದೆ. ಚಳಿ ಅಂತ ಅದಕ್ಕೇ 1500 ವ್ಯಾಟ್ ಹೀಟರ್ ಸಿಕ್ಕಿಸುತ್ತಾರೆ. ಇದು ಅಜ್ಜಿಯ ತಪ್ಪಲ್ಲ, ಕೋಣೆ ಕಟ್ಟಿಸಿದವರ ತಪ್ಪು.

ಕರೆಂಟ್ ಸೋರಿದರೆ ತಾನಾಗಿ ಲೈನ್ ಕಟ್ ಮಾಡುವ ಸ್ವಿಚ್, ಆರ್‌ಸಿಸಿಬಿ, ಇದೆಯಲ್ಲ, ಭಯ ಯಾಕೆ ಅನ್ನುವವರಿದ್ದಾರೆ. ಅದು ಬೇಕೇ ಬೇಕು. ಸುಮಾರು 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಕಟ್ ಮಾಡಿ ಜೀವ ಉಳಿಸುತ್ತದೆ. ಎಂಸಿಬಿ ಅನ್ನುವ ಇನ್ನೊಂದು ಸ್ವಿಚ್ ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುತ್ತದೆ. ಆದರೆ ಸಡಿಲವಾದ ಪ್ಲಗ್ ಒಳಗೊಳಗೇ ಕಾದು ಕರಗುತ್ತಿದ್ದರೆ ಎರಡಕ್ಕೂ ಗೊತ್ತಾಗದೇ ಹೋಗಬಹುದು. ಆ ಸುಟ್ಟ ವಾಸನೆ ಮೊದಲು ತಿಳಿಯುವುದು ಕಸ ಗುಡಿಸಲು ಬರುವವರಿಗೆ. ಮಂಚ ಏರಿಸಿ ಇಳಿಸುವಾಗ ಕಂಬಿಗೆ ಸಿಕ್ಕಿ ಜಜ್ಜಿಹೋದ ವೈರ್ ಕಾಣುವುದೂ ಅವರಿಗೇ. ಅವರ ಮಾತಿಗೆ ಬೆಲೆ ಕೊಡಿ.

ಹೀಟಿಂಗ್ ಪ್ಯಾಡ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ವಯಸ್ಸಾದವರ ಚರ್ಮ ತೆಳು. ಸಕ್ಕರೆ ಕಾಯಿಲೆಯಿಂದ ನರ ಸೋತ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. 44 ಡಿಗ್ರಿ ಸೆಲ್ಸಿಯಸ್ ಏನು ಮಹಾ ಅನ್ನಿಸಬಹುದು, ಆದರೆ ಅಷ್ಟೇ ಬಿಸಿ ಒಂದೇ ಜಾಗಕ್ಕೆ ಸುಮಾರು 6 ಗಂಟೆ ತಾಗಿದರೆ ಚರ್ಮ ಸುಡುತ್ತದೆ. ನಿದ್ದೆ ಮಾತ್ರೆ ತಗೊಂಡು ಮಲಗಿದವರಿಗೆ 6 ಗಂಟೆ ಅಂದರೆ ಒಂದು ರಾತ್ರಿ. ಹಾಗಾಗಿ ತಾನಾಗಿ ಆಫ್ ಆಗುವ ಪ್ಯಾಡ್ ಇರಲಿ, ಪಕ್ಕದಲ್ಲಿ ಯಾರಾದರೂ ಇರಲಿ, ಮಲಗುವ ಮೊದಲು ತೆಗೆದಿಡಲಿ.

ಆಕ್ಸಿಜನ್ ಹಾಕಿಕೊಂಡವರ ಹತ್ತಿರ ಹೀಟರ್, ಹೇರ್ ಡ್ರೈಯರ್ ಬೇಡವೇ ಬೇಡ. ಬಟ್ಟೆ, ಕೂದಲಿನಲ್ಲಿ ಆಕ್ಸಿಜನ್ ತುಂಬಿರುತ್ತದೆ. ಮೆಷಿನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಸಣ್ಣ ಕಿಡಿ ಬಿದ್ದರೂ ಬಟ್ಟೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಉಳಿದ ಸಾಮಾನು ಬರಲಿ, ಆದರೆ ಎಲೆಕ್ಟ್ರಿಷಿಯನ್ ನೋಡಿ ತಾರೀಖಿನ ಚೀಟಿ ಅಂಟಿಸಿದ ಮೇಲೆ ಬರಲಿ. ಅಪ್ಪ ಅಮ್ಮನನ್ನು ಸೇರಿಸಲು ಹೋದಾಗ ಊಟ, ಡಾಕ್ಟರ್ ಬಗ್ಗೆ ವಿಚಾರಿಸುತ್ತೇವೆ. ಮಂಚದ ಪಕ್ಕ ಎಷ್ಟು ಸಾಕೆಟ್ ಇವೆ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿದ್ದು ಯಾವಾಗ ಅಂತಲೂ ಕೇಳಿ.