ಬೆಣ್ಣೆ ಬಿಸ್ಕತ್ತಿಗೆ ನೋಟಿಸು

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹತ್ತು ಲಕ್ಷ ಕೋಟಿಗೂ ಮಿಕ್ಕಿದ ಹೂಡಿಕೆಯ ಭರವಸೆ ಸಿಕ್ಕಿತೆಂದು ಡಂಗುರ ಸಾರಿದ ರಾಜ್ಯ ಸರ್ಕಾರವೇ, ಜುಲೈ ಹೊತ್ತಿಗೆ ಕಾಂಡಿಮೆಂಟ್ಸ್ ಅಂಗಡಿಗಳ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಹಂಚಿತು. ಉದ್ಯಮಸ್ನೇಹಿ ಎಂದರೆ ಹೀಗಿರಬೇಕು. ಸಣ್ಣವರನ್ನೂ ಮರೆಯಲಿಲ್ಲ.

ನಿಯಮದ ಸೊಗಸು ನೋಡಿ. ವಹಿವಾಟು ಒಂದು ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಬರೀ ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷದ ಮಿತಿ, ಅಂದರೆ ದಿನಕ್ಕೆ ಸುಮಾರು 11 ಸಾವಿರ. ಅವನೇ ಮೂಲೆಯಲ್ಲೊಂದು ಸ್ಟೌ ಇಟ್ಟು ಗ್ಲಾಸಿನಲ್ಲಿ ಟೀ ಕೊಟ್ಟನೋ, ಅದು ಸೇವೆ. ಮಿತಿ 20 ಲಕ್ಷಕ್ಕೆ ಇಳಿಯಿತು. ಹಾಲಿಗೆ ತೆರಿಗೆಯಿಲ್ಲ. ಹಾಲೊಂದನ್ನೇ ಮಾರಿಕೊಂಡಿದ್ದರೆ ವಹಿವಾಟು ಕೋಟಿಯಾದರೂ ನೋಂದಣಿ ಬೇಡ. ಪಕ್ಕದಲ್ಲೊಂದು ಬಿಸ್ಕತ್ತಿನ ಡಬ್ಬ ಇಟ್ಟರೆ ಹಾಲಿನ ದುಡ್ಡೂ ಒಟ್ಟು ವಹಿವಾಟಿಗೆ ಜಮಾ. ಸಿಗರೇಟಿನದೂ ಅಷ್ಟೆ, ಲಾಭ ಚಿಲ್ಲರೆ, ವಹಿವಾಟು ಭಾರಿ. ಭಾವಮೈದುನ ತೀರಿಸಿದ ಕೈಸಾಲ, ಚೀಟಿ ಎತ್ತಿದ ಹಣ ಅದೇ ನಂಬರಿಗೆ ಬಂದಿದ್ದರೆ, ಅದು ವ್ಯಾಪಾರವಲ್ಲವೆಂದು ತೋರಿಸಿಕೊಡುವ ಕರ್ಮ ಅಂಗಡಿಯವನದು.

ಅಯ್ಯಂಗಾರ್ ಬೇಕರಿಗಳನ್ನು ನಾಡಿಗೆಲ್ಲ ಹಂಚಿದ್ದು ನಮ್ಮ ಹಾಸನ ಜಿಲ್ಲೆ. ಆ ಗಾಜಿನ ಬೀರುವನ್ನು ಆಗ ಜಿಎಸ್‌ಟಿ ಕಣ್ಣಿನಿಂದ ನೋಡಬೇಕಿತ್ತು. ಬ್ರೆಡ್ಡಿಗೆ ಸೊನ್ನೆ. ಅದನ್ನೇ ಇನ್ನೊಮ್ಮೆ ಒಲೆಗೆ ತಳ್ಳಿ ರಸ್ಕ್ ಮಾಡಿದರೆ ಶೇ 5. ಲೇಬಲ್ ಹಚ್ಚಿದ ಮಿಕ್ಸ್ಚರ್ ಪ್ಯಾಕೆಟ್ಟಿಗೆ 12. ಬೆಣ್ಣೆ ಬಿಸ್ಕತ್ತು, ಕೇಕಿಗೆ 18. ತಟ್ಟೆಯಲ್ಲಿ ಹಾಕಿಸಿಕೊಂಡು ಅಲ್ಲೇ ತಿಂದರೆ ಹೋಟೆಲ್ ಲೆಕ್ಕ, ಪುನಃ 5. ಒಲೆಯ ಮುಂದೆ ಬೇಯುವವನು ಇದಕ್ಕೆಲ್ಲ ಬೇರೆ ಬೇರೆ ದರದ ಲೆಕ್ಕ ಇಡಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ಮಿಕ್ಸ್ಚರ್, ಬಿಸ್ಕತ್ತು, ಕೇಕು ಎಲ್ಲ 5ಕ್ಕೆ ಇಳಿದವು, ಸಂತೋಷ. ಸಕಲೇಶಪುರದ ಕಡೆಯ ಕಾಳುಮೆಣಸು ಇದಕ್ಕಿಂತ ಖಾರ. ತಾನೇ ಬೆಳೆದ ಮೆಣಸನ್ನು ಕಣದಲ್ಲಿ ಒಣಗಿಸಿ ಮಾರಿದವನು ರೈತನೋ ವ್ಯಾಪಾರಿಯೋ ಎಂಬ ಅನುಮಾನ ಅಧಿಕಾರಿಗಳಿಗೆ. ರೈತನೇ, ತೆರಿಗೆ ಕಟ್ಟಬೇಕಿಲ್ಲ ಎಂದು ಜಿಎಸ್‌ಟಿ ಮಂಡಳಿ ಬಾಯಿ ಬಿಡುವ ಹೊತ್ತಿಗೆ 2024ರ ಡಿಸೆಂಬರ್ ಬಂದಿತ್ತು. ಬಿಸಿಲಿಗೆ ಬಿಲ್ ಕೇಳಲಿಲ್ಲ, ಪುಣ್ಯ.

ನೋಟಿಸ್ ಬಂದದ್ದೇ ತಡ, ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ, ಓನ್ಲಿ ಕ್ಯಾಶ್' ಎಂದು ಚೀಟಿ ಅಂಟಿಸಿದರು. ನಗದಾದರೂ ವಹಿವಾಟು ವಹಿವಾಟೇ ಎಂದಿತು ಇಲಾಖೆ. ಕಾನೂನೂ ಹಾಗೇ ಇದೆ, ಚೀಟಿಯಿಂದ ಉಪಯೋಗವಿಲ್ಲ. ಬೆಂಗಳೂರಿನವರು ದೆಹಲಿಯತ್ತ ಬೆರಳು ತೋರಿಸಿದರು, ದೆಹಲಿಯವರು ಬೆಂಗಳೂರಿನತ್ತ.

ಅಸಲಿಗೆ ಸಣ್ಣ ವ್ಯಾಪಾರಿಗಳಿಗೆಂದು ರಾಜಿ ತೆರಿಗೆ (ಕಾಂಪೋಸಿಷನ್) ಎಂಬುದೊಂದಿದೆ. ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ವ್ಯಾಪಾರಿ ಶೇ 1, ಹೋಟೆಲಿನವನು ಶೇ 5 ಕಟ್ಟಿದರೆ ಆಯಿತು. ಮೂರು ತಿಂಗಳಿಗೊಂದು ಪಾವತಿ, ವರ್ಷಕ್ಕೊಂದು ರಿಟರ್ನ್. ಗಿರಾಕಿಯ ಹತ್ತಿರ ತೆರಿಗೆ ಕೇಳುವಂತಿಲ್ಲ, ಕೈಯಿಂದಲೇ ಹಾಕಬೇಕು. ಆದರೆ ಅದು ನೋಂದಣಿ ಆದ ಮೇಲಿನ ವ್ಯಾಪಾರಕ್ಕೆ ಮಾತ್ರ. ಹಿಂದಿನದಕ್ಕೆ ಪೂರ್ತಿ ದರ, ಅದರ ಮೇಲೆ ಬಡ್ಡಿ, ದಂಡ. 2021-22ರಲ್ಲಿ ಒಬ್ಬ ಮಿತಿ ದಾಟಿದ್ದು 2022ರಲ್ಲೇ ಗೊತ್ತಾಗಬಹುದಿತ್ತಲ್ಲ? ಆಗಲೇ 50 ಪೈಸೆಯ ಪೋಸ್ಟ್ ಕಾರ್ಡ್ ಗೀಚಿದ್ದರೆ ಆತ ಶೇ 1 ಕಟ್ಟಿಕೊಂಡು ಅಂಗಡಿ ನಡೆಸುತ್ತಿದ್ದ. ಅದು ಬಿಟ್ಟು, ವರ್ಷಗಟ್ಟಲೆ ಸುಮ್ಮನಿದ್ದು, ನಾಲ್ಕು ವರ್ಷದ್ದನ್ನು ಒಟ್ಟಿಗೆ ತಲೆಯ ಮೇಲೆ ಹೇರಿ, ಜನ ಬೀದಿಗಿಳಿಯುತ್ತಾರೆ ಎನ್ನುವಾಗ ರಾಜ್ಯ ಸರ್ಕಾರದವರು ಹಳೆ ಬಾಕಿ ಕೇಳುವುದಿಲ್ಲ ಎಂದು ಉಪಕಾರ ಮಾಡಿದವರ ಹಾಗೆ ನಿಂತರು.